ಕೆಂಪು ಛತ್ರಿಯವಳಿಗೆ ಕಾದವರು

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಲಿಫ್ಟ್ ಮಾಮ ಇದ್ದಾರೆ. ಮೂರನೇ ಮಹಡಿಯ ಈ ಮಹಾನುಭಾವರು ಯಾವುದೋ ದೊಡ್ಡ ಕಚೇರಿಯ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು, ಕಂಡವರನ್ನೆಲ್ಲ ಹತ್ತಿಸಿ ಇಳಿಸಿಯೇ ಆಯುಷ್ಯ ಕಳೆದವರು. ಕೊನೆಯವರು ಓಡಿಬಂದು ಒಳಗೆ ಸೇರುವ ತನಕ ಬಾಗಿಲು ಮುಚ್ಚುತ್ತಿರಲಿಲ್ಲವಂತೆ. ಸಾಹೇಬರು ಗದರಿದರೂ ಅಷ್ಟೇ, ಜಪ್ಪಯ್ಯ ಅಂದರೂ ಮುಚ್ಚುತ್ತಿರಲಿಲ್ಲವಂತೆ.

ಕಿಡ್ನಿ ಕೈಕೊಟ್ಟ ಮೇಲೆ ಮಾಮನ ಕಾಲುಗಳೂ ಸೋತವು. ಡಯಾಲಿಸಿಸ್ ಇದ್ದ ದಿನ ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು, ಮತ್ತೆ ಹತ್ತಿಸಬೇಕು. ಕುರ್ಚಿಯ ಮುಂಗಾಲು ಅವರ ಅಳಿಯನಿಗೆ, ಹಿಂಗಾಲು ಮೊದಲ ಮಹಡಿಯವನಾದ ನನಗೆ. ಸೊಂಟ ಹಿಡಿದಾಗ ನಾನು ಗೊಣಗುತ್ತಿದ್ದೆ, ಮಾಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ಒಂದೇ ಒಂದು ಸಲ ನನ್ನ ಕಾಲಲ್ಲಿ ನಾನೇ ಮನೆಗೆ ಹತ್ಬೇಕು ಕಣಯ್ಯಾ," ಅನ್ನುತ್ತಿದ್ದರು.

ಕಣ್ಣಿಗೆ ಕಟ್ಟಿದರೆ ಬೇರೆಯೇ ಲೋಕ ತೋರಿಸುವ ವಿ.ಆರ್. ಕನ್ನಡಕ ಆಸ್ಪತ್ರೆಗೆ ಬಂದದ್ದು ಆಗಲೇ. ತೋಳಿಗೆ ಸೂಜಿ ಚುಚ್ಚಿಸಿಕೊಂಡು ಒರಗಿದ್ದ ಮಾಮನ ಕಣ್ಣಿಗೆ ವ್ಯಾಯಾಮ ಮಾಡಿಸುವ ಹುಡುಗಿ ಡಬ್ಬಿಯಂಥ ಕನ್ನಡಕ ಕಟ್ಟಿದಳು, ಕಣಕಾಲಿಗೆ ಪಟ್ಟಿ ಸುತ್ತಿದಳು. ಇಲ್ಲಿ ಕಾಲೆತ್ತಿದರೆ ಕನ್ನಡಕದೊಳಗಿನ ದಾರಿಯಲ್ಲೊಂದು ಹೆಜ್ಜೆ. ನಾನೂ ಒಮ್ಮೆ ಇಣುಕಿದ್ದೇನೆ: ಮಂಜು ಹೊದ್ದ ಗುಡ್ಡ, ಮೇಲೆ ಮೇಲೆ ಹೋಗುವ ಕಲ್ಲುದಾರಿ, ತಿರುವಿನಲ್ಲಿ ಬಂಡೆಯ ಮೇಲೆ ಕೂತ ಕೆಂಪು ಛತ್ರಿಯ ಹೆಂಗಸು. ಯಂತ್ರ ಗುಂಯ್ ಎನ್ನುತ್ತ ಮಾಮನ ರಕ್ತ ತೊಳೆಯುತ್ತಿತ್ತು, ಮಾಮ ಮೋಡದ ಮಗ್ಗುಲಲ್ಲಿ ನಡೆಯುತ್ತಿದ್ದರು. ಬಿಳಿಚಿದ ಮುಖದಲ್ಲಿ ನಿದ್ದೆಯಲ್ಲಿ ನಗುವ ಮಗುವಿನ ನಗು ಇರುತ್ತಿತ್ತು.

ಆದರೆ ಆ ತಿರುವು ಬಂತೆಂದರೆ ಮುಗಿಯಿತು, ಮುಂದಕ್ಕೆ ಹೋಗುತ್ತಿರಲಿಲ್ಲ.

"ಯಾಕೆ ನಿಂತ್ರಿ ಅಂಕಲ್?"

"ಆ ಛತ್ರಿ ಹೆಂಗಸು ಇನ್ನೂ ಎದ್ದು ಬಂದಿಲ್ಲಮ್ಮ."

"ಅಯ್ಯೋ, ಅದು ಬರೀ ಚಿತ್ರ. ಅವಳು ಬರೋದಿಲ್ಲ."

"ಬರೋದಿಲ್ಲ ಅಂತ ಅವಳೇ ಹೇಳ್ಲಿ."

ಹುಡುಗಿ ತಲೆ ಚಚ್ಚಿಕೊಂಡಳು. ಆದರೆ ಜಾಣೆ. "ಸರಿ, ಕಾಯಿರಿ. ಕಾಯ್ತಾ ನಿಂತಲ್ಲೇ ಕಾಲೆತ್ತಿ ಇಡ್ತಾ ಇರಿ," ಎಂದಳು.

ಮಾಮ ಕಾದರು. ತಿಂಗಳುಗಟ್ಟಲೆ ಕಾದರು. ಮಿಕ್ಕವರು ಗುಡ್ಡದ ತುದಿ ಮುಟ್ಟಿ ಕನ್ನಡಕ ಕಳಚಿದರೂ ಇವರ ಕಾಲುಗಳು ಮಂಜಿನಲ್ಲಿ ಏಳುತ್ತ ಬೀಳುತ್ತ ಇರುತ್ತಿದ್ದವು. ಕಡ್ಡಿಯಂತಿದ್ದ ಕಾಲಿಗೆ ಸ್ವಲ್ಪ ಮಾಂಸ ಬಂದಿದೆ ಎಂದು ಅವರ ಹೆಂಡತಿ, ನಮಗೆಲ್ಲ ಮಾಮಿ, ನನ್ನ ಕಿವಿಯಲ್ಲಿ ಉಸುರಿದರು.

ಮೊನ್ನೆ, ಡಯಾಲಿಸಿಸ್ ಇಲ್ಲದ ದಿನ, ಹಾಲಿಗೆಂದು ಇಳಿದರೆ ಕೆಳಗೆ ಮಾಮ! ಕಂಬಿ ಹಿಡಿದು ಒಬ್ಬರೇ ಇಳಿದು ಬಂದಿದ್ದರು. ಓಡಿಹೋಗಿ ನಮ್ಮ ಮನೆಯ ಕುರ್ಚಿ ತಂದೆ.

"ಅದರಲ್ಲಿ ನೀನೇ ಕೂತ್ಕೊ," ಅಂದರು.

"ಹಾಗಾದ್ರೆ ಹತ್ತಿ, ನೋಡೋಣ."

ಹತ್ತಲಿಲ್ಲ. ಬೀದಿಯ ಕಡೆ ನೋಡುತ್ತ, ನಿಂತಲ್ಲೇ ಕಾಲೆತ್ತಿ ಇಡುತ್ತ ಇದ್ದರು. ಕೊನೆಗೆ ತರಕಾರಿ ಚೀಲ ಹಿಡಿದು ಮಾಮಿ ಬಂದರು. ಗಂಡನನ್ನು ಕಂಡು ಗರಬಡಿದವರಂತೆ ನಿಂತರು.

ಮಾಮ ಗೋಡೆಗೆ ಸರಿದು ದಾರಿ ಬಿಟ್ಟರು. "ಬನ್ನಿ ಅಮ್ಮಾ. ಎಷ್ಟನೇ ಮಹಡಿ?"

ಮಾಮಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಮೂರು," ಅಂದರು. "ಇನ್ನೂ ಯಾರಿಗಾದ್ರೂ ಕಾಯ್ಬೇಕೇನ್ರಿ?"

"ಇಲ್ಲ. ಎಲ್ಲರೂ ಬಂದಾಯ್ತು."

ಇಬ್ಬರೂ ಹತ್ತಿದರು, ನಿಧಾನವಾಗಿ, ನಿಂತು ನಿಂತು. ಒಂದೊಂದು ಮಹಡಿ ಬಂದಾಗಲೂ ಮಾಮ ಅದರ ಸಂಖ್ಯೆ ಕೂಗುವುದು ಕೆಳಗೆ ಕೇಳಿಸುತ್ತಿತ್ತು. "ಮೂರು" ಎಂದು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಆ ಕುರ್ಚಿಯಲ್ಲಿ ನಾನೇ ಕೂತುಬಿಟ್ಟೆ.