ಬಾಣಂತಿಯ ನೀರು

ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ ಎಂದರೆ ನಮ್ಮೂರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮೂಗೂರಿನಿಂದ ಇನ್ನೂ ಒಳಕ್ಕಿದೆ ನಮ್ಮೂರು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಪಕ್ಕದ ಮನೆಯ ಅಜ್ಜಿ ಬಿಡದೆ ವಿಚಾರಿಸಿಕೊಳ್ಳುತ್ತಿದ್ದರು.

"ಡಾಕ್ಟ್ರು ಓದ್ತಿದ್ದೀಯೇನವ್ವ?"

"ಅಲ್ಲಜ್ಜಿ."

"ನರ್ಸಾ?"

"ಅದೂ ಅಲ್ಲ."

"ಸೂಜಿನಾರ ಆಕಕೆ ಬತ್ತದಾ?"

"ಇಲ್ಲಜ್ಜಿ."

"ಅಂಗಾರೆ ಅಷ್ಟ್ ದೂರ ಓಗಿ ಏನ್ ಕಲ್ತೆ? ಓಗು ಓಗು, ಬಸ್ ಬತ್ತಾ ಅದೆ."

ಟಿ. ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಕಂಬಿ ಹಿಡಿದು ನಿಂತೇ ಮೈಸೂರು ಸೇರಬೇಕು. ಯೂನಿವರ್ಸಿಟಿಯ ಗೇಟಿನಿಂದ ನಮ್ಮ ವಿಭಾಗಕ್ಕೆ ಮತ್ತೆ ನಡಿಗೆ. ಕ್ಲಾಸಿನಲ್ಲಿ ಕೂರುವಷ್ಟರಲ್ಲಿ ಒಂದು ದಿನದ ಕೂಲಿ ಮುಗಿಸಿದಷ್ಟು ಸುಸ್ತು. ಜೊತೆಯಲ್ಲಿ ಓದುವವರಲ್ಲಿ ಹಲ್ಲಿನ ಡಾಕ್ಟರುಗಳಿದ್ದರು, ಆಯುರ್ವೇದ ಮುಗಿಸಿದವರಿದ್ದರು. ನನ್ನದು ಬರೀ ಬಿಎಸ್ಸಿ. ಆದರೆ ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮುಗಿಸಿದವಳು ನಾನೇ ಮೊದಲು. ಗದ್ದೆ ನಾಟಿ ಮಾಡುವ ಅವ್ವನ ಮಗಳು ಆ ಡಾಕ್ಟರುಗಳ ನಡುವೆ ಕೂತು ಪಾಠ ಕೇಳಿದೆ. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಅಕ್ಕ ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟಿದ್ದು ನಂಜನಗೂಡಿಗೆ, ಭಾವನಿಗೆ ಅಲ್ಲೇ ಫ್ಯಾಕ್ಟರಿಯಲ್ಲಿ ಕೆಲಸ. ಹೆರಿಗೆ ಆಪರೇಷನ್ ಆಗಿತ್ತು. ಆಸ್ಪತ್ರೆಯಲ್ಲಿರುವಷ್ಟು ದಿನ ನರ್ಸುಗಳ ಮಾತು ನಡೆಯಿತು. ಮನೆಗೆ ಬಂದ ಮೇಲೆ ಅವ್ವನ ರಾಜ್ಯ. ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಅದೆಲ್ಲ ಸರಿ. ಆದರೆ ನೀರಿಲ್ಲ. ಊಟದ ಜೊತೆ ಅರ್ಧ ಲೋಟ ಬಿಸಿನೀರು, ಅಷ್ಟೇ.

ನಾನು ಸಂಜೆ ಬಂದು ಬ್ಯಾಗು ಇಳಿಸುವಷ್ಟರಲ್ಲಿ ಅಕ್ಕ ಕೋಣೆಯಿಂದ ಪಿಸುಗುಟ್ಟುತ್ತಿದ್ದಳು. "ಬಾಯೆಲ್ಲ ಒಣಗೋಯ್ತಾ ಅದೆ ಕಣೆ. ನಿನ್ ಬಾಟ್ಲೀಲಿ ವಸಿ ಇದ್ರೆ ಕೊಡೇ."

ಬಾಟಲಿ ಬಸ್ಸಿನಲ್ಲೇ ಖಾಲಿಯಾಗಿರುತ್ತಿತ್ತು. ಒಳಗಿನಿಂದ ತರೋಣವೆಂದರೆ ನೀರಿನ ಹಂಡೆಯಿದ್ದದ್ದು ಅಡುಗೆಮನೆಯಲ್ಲಿ, ಅವ್ವ ಕೂರುತ್ತಿದ್ದದ್ದು ಅದರ ಪಕ್ಕದಲ್ಲಿ. ಒಂದು ಸಲ ಲೋಟ ಮುಚ್ಚಿಕೊಂಡು ಒಯ್ದೆ. ಅಕ್ಕ ಕುಡಿಯುವ ಸದ್ದಿಗೇ ಅವ್ವ ಎದ್ದು ಬಂದು ಕಿತ್ತುಕೊಂಡಳು.

ಆ ವಾರ ಆಶಾ ಕಾರ್ಯಕರ್ತೆ ತೂಕದ ಜೋಳಿಗೆ ತಂದು ಮಗುವನ್ನು ತೂಗಿದರು. ಮುಳ್ಳು ನೋಡಿ ಮುಖ ಸಣ್ಣದು ಮಾಡಿಕೊಂಡರು. "ಏರೇ ಇಲ್ವಲ್ಲವ್ವ. ಇಳಿದದೆ. ಆಲು ಸಾಲ್ತಾ ಇಲ್ಲ. ಬಾಣಂತೀಗೆ ಚೆನ್ನಾಗಿ ನೀರು ಕೊಡ್ರಿ. ಮುಂದಿನ್ ಸಲಾನೂ ಇಂಗೇ ಇದ್ರೆ ಆಸ್ಪತ್ರೆಗೆ ಸೇರ್ಸಬೇಕಾಯ್ತದೆ."

ಅವ್ವ ಊಂ ಊಂ ಎಂದಳು. ಅವರು ತಿರುವು ದಾಟಿದ ಮೇಲೆ ಮಗುವಿಗೆ ದೃಷ್ಟಿ ತೆಗೆದಳು. ನೀರು ಮಾತ್ರ ಅಷ್ಟೇ.

ತಮಾಷೆಯೆಂದರೆ ಅದೇ ದಿನಗಳಲ್ಲಿ ತಾಯಿ ಮಕ್ಕಳ ಆರೋಗ್ಯದ ಇಂಟರ್ನಲ್ ಪರೀಕ್ಷೆಯಲ್ಲಿ ಬಾಣಂತಿಗೆ ನೀರು ಕೊಡದಿರುವ ಪದ್ಧತಿಯ ಮೇಲೆ ಎರಡು ಪುಟ ಬರೆದಿದ್ದೆ. ಕುಟುಂಬದ ಹಿರಿಯರ ಮನವೊಲಿಸಬೇಕು ಎಂದು ಕೆಳಗೆ ಗೆರೆ ಎಳೆದು ಬಂದಿದ್ದೆ. ಒಳ್ಳೆಯ ಅಂಕವೇ ಬಂತು. ಮನೆಗೆ ಬಂದರೆ ಮಗು ಚೀಪಿ ಚೀಪಿ ಸಾಕಾಗಿ, ಅಳಲೂ ಆಗದೆ ಕೊಯ್ ಕೊಯ್ ಎನ್ನುತ್ತಿತ್ತು.

ಅವತ್ತು ಒಲೆಯ ಮುಂದೆ ನಿಂತು ಪಾಠ ಶುರುಮಾಡಿದೆ. ದೇಹದಲ್ಲಿ ನೀರಿನ ಅಂಶ, ಹಾಲಿನಲ್ಲಿ ನೀರಿನ ಅಂಶ, ಎಲ್ಲವನ್ನೂ ಹೇಳಿದೆ. ಅವ್ವ ಮುದ್ದೆ ತಿರುವುತ್ತಲೇ ಇದ್ದಳು.

"ಮುಗೀತಾ? ನೀನು ಎತ್ತಿದ್ದೀಯಾ? ನಾನು ನಾಲ್ಕ್ ಮಕ್ಳ ಎತ್ತಿವ್ನಿ. ಒಟ್ಟೆ ಕುಯ್ದವ್ರೆ ಅವ್ಳ್ಗೆ. ನೀರು ಕುಡುದ್ರೆ ಒಲಿಗೆ ಕೀವು ಕಟ್ಕತದೆ, ನಂಜಾಯ್ತದೆ. ಅದ್ಯಾವ್ ಪುಸ್ತಕದಲ್ಲಿ ಬರ್ದವ್ರೋ ತಂದ್ ತೋರ್ಸು, ಒಲೆಗಾಕ್ತೀನಿ."

"ಕೂಸು ಸತ್ತೋಯ್ತದೆ ಕಣವ್ವ!"

ಆ ಮಾತಿಗೆ ಅವ್ವ ಮುದ್ದೆ ತಿರುವುವ ದೊಣ್ಣೆ ಕೈಬಿಟ್ಟಳು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಸಾಯೋದು ಅಂದ್ರೆ ಏನೂಂತ ನಂಗೊತ್ತು ಕಣೆ. ನನ್ ತಂಗಿ ಬಾಣಂತೀಲಿ ನೀರು ಕುಡ್ದೇ ಸತ್ತಿದ್ದು."

ಅವ್ವನಿಗೆ ತಂಗಿಯಿದ್ದಳು, ಸಣ್ಣ ವಯಸ್ಸಿಗೇ ಹೋದಳು ಎಂದಷ್ಟೇ ಗೊತ್ತಿತ್ತು ನನಗೆ. ಅವ್ವ ಬಿಡಿಬಿಡಿಯಾಗಿ ಹೇಳಿದಳು. ಹೆರಿಗೆ ಮನೆಯಲ್ಲೇ ಆಗಿತ್ತು. ಬಾಣಂತನ ನೋಡಿಕೊಳ್ಳಲು ಇದ್ದವಳು ಅವ್ವನೇ. ತಂಗಿ ನೀರು ನೀರು ಎಂದು ಬಡಕೊಂಡಳಂತೆ. ಎಲ್ಲರೂ ಕಬ್ಬಿನ ಕೆಲಸಕ್ಕೆ ಹೋದಾಗ ಎದ್ದು ಹೋಗಿ ಬೋರು ಒತ್ತಿ ಬಾಯಿ ಕೊಟ್ಟು ಕುಡಿದಳಂತೆ. ಮೂರು ದಿನವೂ ಬದುಕಲಿಲ್ಲ. ನಂಜಾಗಿತ್ತು ಎಂದರಂತೆ ಊರಿನವರು.

ನಾನು ಗೋಡೆಗೆ ಒರಗಿ ಕೂತೆ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎರಡು ವೃತ್ತ ಬರೆದು, ನಡುವೆ ಬಾಣ ಹಾಕದೆ ಬಿಟ್ಟು, "ಯಾವುದು ಮೊದಲು? ಅದನ್ನು ಕೇಳದೆ ಯಾವುದರಿಂದ ಯಾವುದು ಆಯಿತು ಅನ್ನಬೇಡಿ" ಎನ್ನುತ್ತಿದ್ದರು. ಆ ಪಾಠದಲ್ಲಿ ನನಗೆ ಯಾವಾಗಲೂ ತೂಕಡಿಕೆ. ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ.

"ಅವ್ವ, ಜ್ವರ ಮೊದ್ಲು ಬಂತಾ, ನೀರು ಮೊದ್ಲು ಕುಡುದ್ಲಾ?"

"ಏನು?"

"ಚಿಕ್ಕವ್ವಂಗೆ. ಬೋರ್ ತಾವ ಓಗಕ್ ಮುಂಚೆ ಮೈ ಬಿಸಿ ಇತ್ತಾ?"

ಪಾತ್ರೆಯಲ್ಲಿ ಮುದ್ದೆ ಗಟ್ಟಿಯಾಗುತ್ತಿತ್ತು.

"ಇತ್ತು," ಎಂದಳು. "ಅದ್ರ ಮುಂಚಿನ್ ದಿನದಿಂದ್ಲೇ ಮೈ ಕಾಯ್ತಿತ್ತು. ಅದ್ಕೇ ಅಲ್ವಾ ಅಂಗ್ ಬಾಯಾರ್ತಿದ್ದುದು..."

ನಾನು ವಿವರಿಸುವುದು ಏನೂ ಉಳಿದಿರಲಿಲ್ಲ. ನಂಜು ಹೆರಿಗೆಯಲ್ಲೇ ಹತ್ತಿತ್ತು, ಜ್ವರ ಅದರದ್ದು, ಬಾಯಾರಿಕೆ ಜ್ವರದ್ದು. ನೀರು ಕೊನೆಗೆ ಬಂದದ್ದು.

"ನಂಗೇ ಕೇಳಿದ್ಲು ಕಣೆ," ಎಂದಳು ಅವ್ವ. "ಅಕ್ಕ, ಒಂದು ಗುಟುಕು ಅಂತ. ಕಾಲು ಇಡ್ಕಂಡ್ಲು. ಕೊಡ್ನಿಲ್ಲ ನಾನು."

ಗೆದ್ದೆ ಎಂದು ನನಗೆ ಅನ್ನಿಸಲೇ ಇಲ್ಲ. ಇಷ್ಟು ವರ್ಷ ಅವ್ವ ತಂಗಿಯ ಸಾವಿಗೆ ನೀರನ್ನು ಬೈದುಕೊಂಡು ಹೇಗೋ ಬದುಕಿದ್ದಳು. ನಾನು ಒಂದು ಪ್ರಶ್ನೆ ಕೇಳಿ ಅದನ್ನೂ ಕಿತ್ತುಕೊಂಡೆ. ಹಾಗೆಂದು ಕೇಳಬಾರದಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಒಳಗೆ ಕೂಸು ಇತ್ತು.

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮುದ್ದೆಯ ಪಾತ್ರೆ ಇಳಿಸಿ, ಒಲೆಯ ಮೇಲೆ ನೀರಿಟ್ಟಳು. ಜೀರಿಗೆ ಹಾಕಿದಳು. "ತಣ್ಣೀರಂತೂ ಕೊಡಕಿಲ್ಲ," ಎಂದು ಒಲೆಗೇ ಹೇಳಿದಳು. ಕುದಿಸಿ, ಆರಿಸಿ, ಚೊಂಬಿನ ತುಂಬ ಹಿಡಿದುಕೊಂಡು ಕೋಣೆಗೆ ಹೋದಳು. ಅಕ್ಕ ನಂಬದೆ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಚೊಂಬು ಹಿಡಿದು ಉಸಿರು ಬಿಡದೆ ಕುಡಿದಳು. ಅವ್ವ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗಂಟಲು ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಿದ್ದಳು.

ಹೊರಗೆ ಬಂದವಳು ಜಗಲಿಯ ಕಂಬಕ್ಕೆ ಒರಗಿದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ನೀ ಇದ್ನ ಮೊದ್ಲೇ ಓದ್ಬೇಕಾಗಿತ್ತು ಕಣವ್ವ," ಎಂದಳು.

ನಾನು ಆಗ ಹುಟ್ಟೇ ಇರಲಿಲ್ಲ ಎನ್ನಬಹುದಿತ್ತು. ಅದು ಅವಳಿಗೂ ಗೊತ್ತಿತ್ತು. ಒಳಗಿನಿಂದ ಅಕ್ಕ ಇನ್ನೊಂದು ಚೊಂಬು ಕೇಳಿದಳು. ಅವ್ವ ಮಂಡಿ ಹಿಡಿದುಕೊಂಡು ಏಳಲು ನೋಡಿದಳು. ನೀನು ಕೂತ್ಕೋ ಎಂದು ನಾನೇ ಎದ್ದೆ.