ತೊಟ್ಟಿಲಿಗೆ ಹನ್ನೆರಡು ಕೆಜಿ ಹೆಚ್ಚು

ಗಾಜು ಒರೆಸುವ ದೊಡ್ಡಣ್ಣನಿಗೆ ಗುತ್ತಿಗೆದಾರ ಇನ್ನೂ ಹತ್ತೊಂಬತ್ತು ದಿನದ ಕೂಲಿ ಕೊಡಬೇಕು. ದುಡಿಸಿಕೊಂಡದ್ದಾಗಿದೆ, ಕೊಡದಿರಲು ಹೇಳುವ ಕಾರಣ ಒಂದೇ: ಆಳು ದಪ್ಪ.

ಹದಿನಾಲ್ಕು ಮಹಡಿಯ ಕಟ್ಟಡದ ಹೊರಮೈಗೆ ತಂತಿಹಗ್ಗದಲ್ಲಿ ಇಳಿಬಿಡುವ ಕಬ್ಬಿಣದ ತೊಟ್ಟಿಲಲ್ಲಿ ನಿಂತು ಒರೆಸುವ ಕೆಲಸ. ತೊಟ್ಟಿಲಿನ ಮಿತಿ ಇನ್ನೂರು ಕೆಜಿ. ಅವನು ತೊಂಬತ್ತೆರಡು, ಎಲ್ಲರೂ ಕಡ್ಡಿ ಎಂದು ಕರೆಯುವ ಜೊತೆಗಾರ ಅರವತ್ತು. ಎರಡು ಬಕೆಟ್ಟು ನೀರು ಸೇರಿದರೂ ಒಂಬತ್ತು ವರ್ಷ ಯಾರೂ ತಕರಾರು ತೆಗೆದಿರಲಿಲ್ಲ. ಈ ಸಲ ನೀರಿಗೆಂದು ಪದೇ ಪದೇ ಮೇಲೆ ಹೋಗಿ ಹೊತ್ತು ಹಾಳಾಗುವುದು ಬೇಡವೆಂದು ಗುತ್ತಿಗೆದಾರ ಬಕೆಟ್ಟಿನ ಬದಲು ತೊಟ್ಟಿಲಲ್ಲಿ ಡ್ರಮ್ಮು ಇಟ್ಟ. ತುಂಬಿದರೆ ಅರವತ್ತು ಕೆಜಿ. ಲೆಕ್ಕ ಹನ್ನೆರಡು ಮೀರಿತು. ಡ್ರಮ್ಮು ಇಳಿಯಲಿಲ್ಲ, ದೊಡ್ಡಣ್ಣ ಇಳಿದ.

"ತಿಂಗಳೊಳಗೆ ಎಂಬತ್ತಕ್ಕೆ ಬಾ. ಕೆಲ್ಸಾನೂ ಕೊಡ್ತೀನಿ, ಹಳೇ ಕೂಲೀನೂ ಕೊಡ್ತೀನಿ," ಎಂದ ಗುತ್ತಿಗೆದಾರ.

"ಅಣ್ಣಾ, ಆ ಹನ್ನೆರಡು ನನಗೇ ದಾಟಿಸು," ಎಂದ ಕಡ್ಡಿ.

"ಆಗ್ಲೂ ತೊಟ್ಟಿಲಿಗೆ ಅಷ್ಟೇ ಭಾರ ಕಣೋ ಮಂಕೆ," ಎಂದ ದೊಡ್ಡಣ್ಣ.

ದೊಡ್ಡಣ್ಣ ಒಂದೇ ಹೊತ್ತು ತಿಂದ. ಬೆಳಿಗ್ಗೆ ಸಂಜೆ ಮೆಟ್ಟಿಲು ಓಡಿ ಹತ್ತಿದ. ಹೆಂಡತಿ ಹೊಲಿಗೆಯವಳು, ಅವಳ ಟೇಪು ಸುಳ್ಳು ಹೇಳುವುದಿಲ್ಲ.

"ಅಂಗಿ ತೋಳು ಎರಡ್ ಸಲ ಸಣ್ಣ ಮಾಡಿದೀನಿ ರೀ. ಹೊಟ್ಟೆ ಹತ್ರ ಸೂಜಿ ಮುಟ್ಟಿಸಿಲ್ಲ. ಕರಗ್ತಿರೋದು ಕೊಬ್ಬಲ್ಲ, ದುಡಿಯೋ ತೋಳು."

ಡಾಕ್ಟರೂ ತೋಳೇ ಕರಗುತ್ತಿದೆ ಎಂದರು. "ದಿನಾ ನಡೀರಿ, ಊಟಾನೂ ಮಾಡಿ. ಸ್ವಲ್ಪ ಕಮ್ಮಿ ಮಾಡ್ಬೇಕು, ನಿಲ್ಲಿಸೋದಲ್ಲ. ವಾರಕ್ಕೆ ಅರ್ಧ ಕೆಜಿ ಇಳಿದ್ರೆ ಸಾಕು. ಹನ್ನೆರಡಕ್ಕೆ ಆರು ತಿಂಗಳಾಗತ್ತೆ."

"ನನ್ನತ್ರ ಇರೋದು ಎರಡೇ ವಾರ ಡಾಕ್ಟ್ರೇ."

ಕೊನೆಯ ಎರಡು ದಿನ ನೀರನ್ನೂ ಬಿಟ್ಟ. ತೂಕದ ಯಂತ್ರ ಎಂಬತ್ತೆರಡು ತೋರಿಸಿತು. ಕೆಲಸ ರಾಶಿ ಬಿದ್ದಿತ್ತು. "ಎರಡು ಕೆಜಿ ಮಾಫಿ, ತೊಟ್ಟಿಲು ಹತ್ತು," ಎಂದ ಗುತ್ತಿಗೆದಾರ. ಎರಡು ಕೆಜಿ ಮೀರಿದರೂ ಹಗ್ಗ ತಡೆಯುತ್ತದೆಂದು ಆ ದಿನ ಅವನಿಗೆ ಗೊತ್ತಾಯಿತು!

ಒಂಬತ್ತನೇ ಮಹಡಿಯಲ್ಲಿ ದೊಡ್ಡಣ್ಣನ ಕಣ್ಣು ಕತ್ತಲಿಟ್ಟಿತು. ಅಂಚಿನಾಚೆ ವಾಲಿದವನನ್ನು ಸೊಂಟದ ಬೆಲ್ಟು ಹಿಡಿಯಿತು, ಕಡ್ಡಿ ಕೊರಳಪಟ್ಟಿ ಹಿಡಿದು ಒಳಗೆಳೆದ. ಕೆಳಗಿಳಿದಾಗ ಗುತ್ತಿಗೆದಾರ ಮುಖ ಸಿಂಡರಿಸಿದ. "ನಿಶ್ಶಕ್ತಿ ಇರೋನನ್ನ ಹತ್ತಿಸೋಕಾಗಲ್ಲ. ಚೆನ್ನಾಗಿ ತಿಂದು ಬಾ."

ತಿಂದರೆ ದಪ್ಪ, ಬಿಟ್ಟರೆ ನಿಶ್ಶಕ್ತ. ಕೂಲಿ ಎರಡರಲ್ಲೂ ಇಲ್ಲ. ದೊಡ್ಡಣ್ಣ ಈಗ ತಟ್ಟೆಯ ಮುಂದೆ ಕೂತು ತುತ್ತು ಎತ್ತುತ್ತಾನೆ, ಇಡುತ್ತಾನೆ.

ಗಾಜಿನೊಳಗೆ ಕೂತು ಓದುತ್ತಿರುವವರೇ, ಹನ್ನೆರಡು ಲೀಟರು ನೀರು ಚೆಲ್ಲಲು ಒಂದು ನಿಮಿಷ ಸಾಕಿತ್ತು. ಎದ್ದು ಹೋಗಿ ನಿಮ್ಮ ಕಟ್ಟಡದ ಮ್ಯಾನೇಜರಿಗೆ ಹೇಳಿ: ಮೊದಲು ಡ್ರಮ್ಮು ಇಳಿಸು. ಇಳಿಸುವತನಕ ನಿಮ್ಮ ಕಿಟಕಿ ಕೊಳಕಾಗಿಯೇ ಇರಲಿ.