ಬಾಳೇಶಣ್ಣನ ಎರಡು ಪುಟ

ಒಂದು ಚುಕ್ಕೆ ಒತ್ತಿದ್ದರೆ ಸಾಕಿತ್ತು. ಹೆಸರು ಬರೆಯಬೇಕಾದ ಜಾಗದಲ್ಲಿ ಬರೀ ಒಂದು ಚುಕ್ಕೆ ಹಾಕಿದರೂ ಆ ಸಾಫ್ಟ್‌ವೇರ್ ಸುಮ್ಮನೆ ಮುಂದೆ ಹೋಗುತ್ತಿತ್ತು. ಅದು ನನಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ನಾನು ಬಾಳೇಶಣ್ಣನ ಹೆಸರು ಟೈಪ್ ಮಾಡಿ ಆಗಿತ್ತು. ಎರಡು ಸಾವಿರದ ಇಸವಿಯಲ್ಲಿ ಬೆಳಗಾವಿಯ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಇಪ್ಪತ್ತಮೂರರ ಆ ಹುಡುಗಿಯ ಕಪಾಳಕ್ಕೆ ಎರಡು ಬಿಗಿಯಬೇಕೆಂದು ಈಗಲೂ ನನ್ನ ಕೈ ತುರಿಸುತ್ತದೆ. ಏನು ಮಾಡಲಿ, ಆ ಹುಡುಗಿ ನಾನೇ.

ಶಹಾಪುರದ ಒಂದು ಹಳೆಯ ವಾಡೆಯ ಮಹಡಿಯಲ್ಲಿ ನಮ್ಮ ಮ್ಯೂಸಿಯಂ ಇತ್ತು. ಒಂದು ಟ್ರಸ್ಟು ನಡೆಸುತ್ತಿತ್ತು. ನಾಲ್ಕುನೂರಕ್ಕೂ ಹೆಚ್ಚು ಸಾಮಾನು: ಕತ್ತಿ, ತಾಮ್ರದ ಹಂಡೆ, ನಾಣ್ಯ, ಮುರಿದ ಮೂರ್ತಿ, ಯಾರದೋ ಅಜ್ಜನ ಪಗಡಿ. ಮಳೆಗಾಲದಲ್ಲಿ ಸೋರುವ ಕಡೆ ಬಕೀಟು ಇಡುವುದರಿಂದ ಹಿಡಿದು ಬಂದ ನಾಲ್ಕು ಜನಕ್ಕೆ ಕಥೆ ಹೇಳುವ ತನಕ ಎಲ್ಲ ಕೆಲಸಕ್ಕೂ ಒಬ್ಬನೇ ಮನುಷ್ಯ, ಬಾಳೇಶಣ್ಣ.

ಅವನು ಗುಂಜಿಯ ಕುರುಬರ ಮನೆಯವನು. ಹರೆಯದಲ್ಲಿ ಕುರಿ ಕಾಯುವಾಗ ಅಡವಿಯ ಅಂಚಿನಲ್ಲಿ ಅರ್ಧ ಹೂತಿದ್ದ ಒಂದು ಕಲ್ಲನ್ನು ಕಂಡಿದ್ದ. ಮಣ್ಣು ಕೆರೆದು ನೋಡಿದರೆ ಬಿಲ್ಲು ಹಿಡಿದ ವೀರ, ಅವನ ಹಿಂದೆ ದನಗಳ ಸಾಲು. ಸುದ್ದಿ ಕೇಳಿ ಮ್ಯೂಸಿಯಂ ಕಟ್ಟಿದ ಹಿರಿಯರು ಬೆಳಗಾವಿಯಿಂದ ಜೀಪು ತಗೊಂಡು ಬಂದರು. ಕಲ್ಲು ಏರಿಸಿದ ಮೇಲೆ ಬಾಳೇಶಣ್ಣನನ್ನೂ ಏರಿಸಿಕೊಂಡರು. "ಕಲ್ಲ ನೀ ಕಂಡೀಯಪಾ, ಅದನ್ನ ನೋಡಿಕೊಳ್ಳಾಕೂ ನೀನ ಬಾ" ಅಂದರಂತೆ. ಅಂದು ಬಂದವನು ಇಪ್ಪತ್ತಾರು ವರ್ಷ ಅಲ್ಲೇ ಇದ್ದ. ಶನಿವಾರ ರೈಲಿಗೆ ಗುಂಜಿ, ಸೋಮವಾರ ಬೆಳಿಗ್ಗೆ ವಾಪಸು. ಸಹಿ ಒಂದು ಬಿಟ್ಟರೆ ಓದುಬರಹ ಇಲ್ಲ. ಆದರೆ ಯಾವ ಸಾಮಾನು ಯಾವ ಊರಿನದು, ಯಾರು ಕೊಟ್ಟರು, ಕೊಡುವಾಗ ಅತ್ತರೋ ನಕ್ಕರೋ ಎಲ್ಲ ಬಾಯಿಪಾಠ.

ನಾನು ಬಂದದ್ದು ಹಳೆಯ ಎರಡು ರಿಜಿಸ್ಟರುಗಳನ್ನು, ಮೊದಲಿನದು ಮರಾಠಿಯದು, ಆಮೇಲಿನದು ಕನ್ನಡದ್ದು, ಕಂಪ್ಯೂಟರಿಗೆ ಏರಿಸಲು. ಪುಣೆಯ ಒಂದು ಕಂಪನಿ ಸಣ್ಣ ಮ್ಯೂಸಿಯಮ್ಮುಗಳಿಗೆಂದೇ ಒಂದು ಸಾಫ್ಟ್‌ವೇರ್ ಮಾಡಿತ್ತು. ಒಂದೊಂದು ಸಾಮಾನಿಗೆ ಒಂದೊಂದು ಪುಟ. ಫೋಟೋ, ಅಳತೆ, ಊರು, ಕೊಟ್ಟವರ ಹೆಸರು, ಎಲ್ಲ ಇಂಗ್ಲಿಷಿನಲ್ಲಿ. ನಾನು ತುಂಬಿದ್ದನ್ನು ಫ್ಲಾಪಿಗೆ ಹಾಕಿ ಶುಕ್ರವಾರ ಪುಣೆಗೆ ಕೊರಿಯರ್ ಮಾಡಬೇಕು, ಅವರು ಅದನ್ನು ಇಂಟರ್‌ನೆಟ್ಟಿಗೆ ಏರಿಸಬೇಕು. ಬಾಳೇಶಣ್ಣ ದಿನಾ ನನ್ನ ಹಿಂದೆ ನಿಂತು ನೋಡುತ್ತಿದ್ದ. ಸಾಲಿ ಕಲಿಸುವವಳ ಹಾಗೆ ಗತ್ತಿನಿಂದ ಕೂರುತ್ತೇನೆಂದು ನನ್ನನ್ನು ಬಾಯಾರ ಎಂದು ಕರೆಯುತ್ತಿದ್ದ.

ವೀರಗಲ್ಲಿನ ಪುಟ ತುಂಬುವ ದಿನ, 'ಕಂಡವರು' ಎಂಬ ಜಾಗದಲ್ಲಿ ಅವನ ಹೆಸರು ಹಾಕಿ ತೋರಿಸಿದೆ.

"ಬಾಯಾರ, ಇದು ಇಂಗ್ಲೆಂಡದಾಗೂ ಕಾಣತೈತೇನ್ರೀ?"

"ಕಾಣತೈತಿ ಅಣ್ಣಾ. ಕಂಪ್ಯೂಟರ್ ಇದ್ದಲ್ಲೆಲ್ಲಾ ಕಾಣತೈತಿ."

"ನನ್ನ ಹೆಸರೂ?"

"ನಿಮ್ಮ ಹೆಸರೂ."

"ನಮ್ಮ ಸತ್ಯವ್ವ ಅಂತಾಳ, ನಿನ್ನ ಹೆಸರು ನಮ್ಮ ನಾಯಿಗೂ ಗೊತ್ತಿಲ್ಲ ಅಂತ. ಈ ಶನಿವಾರ ಹೋಗಿ ಹೇಳ್ತೇನಿ ತಡೀರಿ" ಅಂದ. ಹೇಳಿದ ಕೂಡ. ಹೆಂಡತಿ ಸತ್ಯವ್ವನಿಗಷ್ಟೇ ಅಲ್ಲ, ಗುಂಜಿಗೆಲ್ಲ ಹೇಳಿ ಬಂದ.

ಎಲ್ಲ ತುಂಬಿಯಾದ ಮೇಲೆ ಟ್ರಸ್ಟಿನ ಕಾರ್ಯದರ್ಶಿ ಗುರುಪುತ್ರಪ್ಪನವರು ತಾಳೆ ನೋಡಲು ಕೂತರು. ಕಂಪ್ಯೂಟರ್ ನಾಲ್ಕುನೂರ ಹನ್ನೆರಡು ಅಂದಿತು. ಕಪಾಟುಗಳಲ್ಲಿ ನಾಲ್ಕುನೂರ ಹನ್ನೊಂದು. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು, ಕಾಣೆಯಾದದ್ದು ಅರವತ್ತೊಂದನೆಯ ನಂಬರು. ಹಳೆಯ ಮರಾಠಿ ರಿಜಿಸ್ಟರಿನಲ್ಲಿ ಅದು ಹೀಗಿತ್ತು: ಬೆಳ್ಳಿಯ ಡಬ್ಬಿ, ಮೊಟ್ಟೆಯಾಕಾರ, ಎರಡು ಕೊಂಡಿ, ಪಾರಿಶ್ವಾಡ. ನಮ್ಮಲ್ಲಿ ಇದ್ದ ಬೆಳ್ಳಿಯ ವಸ್ತು ಒಂದೇ, ಕನ್ನಡ ರಿಜಿಸ್ಟರಿನ ಇನ್ನೂರ ಮೂವತ್ಮೂರನೆಯ ನಂಬರು. ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ. ಕಟ್ಟಿಕೊಂಡ ಅಜ್ಜನ ಸಂಗಡ ಲಿಂಗ ಮಣ್ಣಿಗೆ ಹೋಗಿ ಬರೀ ಕರಡಿಗೆ ಉಳಿದಿತ್ತು. ಅದೂ ಪಾರಿಶ್ವಾಡದ್ದೇ. ಎರಡನ್ನೂ ಟೈಪ್ ಮಾಡಿದವಳು ನಾನು. ಎರಡು ಭಾಷೆಯೂ ಬರುತ್ತಿತ್ತು. ನನ್ನ ಕಣ್ಣಿಗೆ ಏನು ಮಣ್ಣು ಬಿದ್ದಿತ್ತೋ.

ಗುರುಪುತ್ರಪ್ಪನವರು ಬಾಳೇಶಣ್ಣನನ್ನು ಕರೆದರು.

"ಎರಡನೇ ಬೆಳ್ಳಿ ಡಬ್ಬಿ ಎಲ್ಲೈತಿ?"

"ಒಂದ ಐತ್ರೀ ಸಾಹೇಬರ. ಇಪ್ಪತ್ತಾರು ವರ್ಷ ಒರಸೇನಿ. ಯಾವತ್ತೂ ಒಂದ."

"ರಿಜಿಸ್ಟರ್ ಎರಡು ಅಂತೈತಿ, ಕಂಪ್ಯೂಟರ್ ಎರಡು ಅಂತೈತಿ. ನೀ ಒಬ್ಬಾಂವ ಒಂದ ಅಂತೀ."

"ಅವಕ್ಕ ಕೈ ಇಲ್ಲರಿ. ನಾ ಕೈಯಾರೆ ಒರಸೇನಿ."

ಆ ಮಾತು ಅವರಿಗೆ ಉದ್ಧಟತನವಾಗಿ ಕೇಳಿಸಿತು. ನನ್ನ ಕಡೆ ತಿರುಗಿ, 'ಕಾಣೆ' ಎಂದು ಹಾಕಿ ಕಳಿಸು ಅಂದರು. ಹಾಕಿದೆ. ಸಾಫ್ಟ್‌ವೇರ್ ಮುಂದೆ ಹೋಗಲಿಲ್ಲ. 'ಯಾರ ವಶದಲ್ಲಿತ್ತು' ಎಂಬ ಜಾಗದ ಮುಂದೆ ಕೆಂಪು ನಕ್ಷತ್ರ ಮೂಡಿತು. ತುಂಬಲೇಬೇಕು ಎಂದರ್ಥ. ಏನು ಬರೆಯಲಿ ಎಂದು ಕೇಳಿದೆ. "ಬಾಳೇಶನ ಹೆಸರು ಹಾಕು. ಕೀಲಿ ಅಂವನ ಕಡೆನ ಇರತಾವು" ಅಂದರು. ನಾನು ಹಾಕಿದೆ. ಕೆಂಪು ನಕ್ಷತ್ರ ಹೋಯಿತು. ಖರೇ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೆ ಸಮಾಧಾನವೇ ಆಯಿತು, ಅಂತೂ ಕೆಲಸ ಮುಗಿಯಿತಲ್ಲ ಎಂದು. ಫ್ಲಾಪಿ ಶುಕ್ರವಾರ ಪುಣೆಗೆ ಹೋಯಿತು.

ಮುಂದಿನ ವಾರ ಅವನನ್ನು ಕೆಲಸದಿಂದ ಬಿಡಿಸಿದರು. ಪೊಲೀಸರ ತನಕ ಒಯ್ಯುವುದಿಲ್ಲ, ನಾಳೆಯಿಂದ ಬರಬೇಡ ಅಂದರು, ಅದನ್ನೇ ದೊಡ್ಡ ಉಪಕಾರ ಎಂಬಂತೆ. ಬಾಳೇಶಣ್ಣ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟ. ಹೆಗಲ ಮೇಲಿನ ಟವೆಲ್ಲಿನಿಂದ ವೀರಗಲ್ಲನ್ನು ಒಮ್ಮೆ ಒರೆಸಿದ. ಆಮೇಲೆ ನನ್ನ ಹತ್ತಿರ ಬಂದ.

"ಬಾಯಾರ, ನೀವರೆ ನಂಬತೀರಿಲ್ಲೋ?"

ನಾನು ಕೀಬೋರ್ಡು ನೋಡುತ್ತ, "ನನಗೇನ ಗೊತ್ತಣ್ಣಾ" ಅಂದೆ. ನೌಕರಿಗೆ ಬಂದು ಇನ್ನೂ ವರ್ಷವೂ ಆಗಿರಲಿಲ್ಲ, ಅದೇ ನನ್ನ ನೆಪ. ಅವನು ಮೆಟ್ಟಿಲು ಇಳಿದ.

ಮುಂದಿನದು ನನಗೆ ಸತ್ಯವ್ವನಿಂದ ಗೊತ್ತಾದದ್ದು. ಗುಂಜಿಯಲ್ಲಿ ಅವರದು ಕಂಬಳಿ ಹಾಸುವ ಮನೆ. ಆ ಕುರುಬರಲ್ಲಿ ಜಗಳ ಬಗೆಹರಿಸಲಿ, ಹೆಣ್ಣು ಗೊತ್ತು ಮಾಡಲಿ, ಮೊದಲು ಆ ಮನೆಯ ಕರಿಕಂಬಳಿ ಹಾಸಿ ಮೇಲೆ ಭಂಡಾರದ ಅರಿಶಿನ ಇಟ್ಟ ಮೇಲೆಯೇ ಮಾತು. ಅದರ ಮುಂದೆ ಸುಳ್ಳು ಆಡಿದವನ ಮನೆ ಉಳಿಯುವುದಿಲ್ಲ ಎಂಬ ನಂಬಿಕೆ. ಬಾಳೇಶಣ್ಣ ತಾನಾಗಿ ಹಿರಿಯರನ್ನು ಕರೆಸಿ, ತನ್ನ ಕಂಬಳಿಯನ್ನೇ ಹಾಸಿ, ಭಂಡಾರ ಮುಟ್ಟಿ ಹೇಳಿದ: ನಾನು ಬೆಳ್ಳಿ ಮುಟ್ಟಿಲ್ಲ. ಊರು ನಂಬಿತು. ಹಿರಿಯ ಲಗಮಣ್ಣನೇ ಅವನ ಹಣೆಗೆ ಭಂಡಾರ ಹಚ್ಚಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಲಗಮಣ್ಣನ ಅಳಿಯ ಬೆಳಗಾವಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಜಗತ್ತಿಗೆಲ್ಲ ಕಾಣುತ್ತದೆ ಎಂದು ಬಾಳೇಶಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ್ದ ಆ ವೀರಗಲ್ಲಿನ ಪುಟವನ್ನು ಮಾವನಿಗೆ ತೋರಿಸೋಣ ಎಂದು ಒಂದು ಸೈಬರ್ ಕೆಫೆಗೆ ಹೋಗಿ ಬಾಳೇಶಣ್ಣನ ಹೆಸರು ಹಾಕಿ ಹುಡುಕಿದ. ಎರಡು ಪುಟ ಬಂದವು. ಒಂದರಲ್ಲಿ ಕಲ್ಲು ಕಂಡವನು. ಇನ್ನೊಂದರಲ್ಲಿ ಬೆಳ್ಳಿ ಕಾಣೆ, ವಶದಲ್ಲಿದ್ದವನು ಬಾಳೇಶ. ಎರಡನೆಯದರ ಪ್ರಿಂಟು ತೆಗೆದು ಗುಂಜಿಗೆ ತಂದ.

ಊರಿನವರಿಗೆ ಅದು ಚೀಟಿಯಲ್ಲ, ಜಗತ್ತಿಗೆಲ್ಲ ಕಾಣುವಂಥದ್ದು. ಹಾಗೆ ಹೇಳಿದವನೂ ಬಾಳೇಶಣ್ಣನೇ. ಹಾಗಾದರೆ ಕಂಬಳಿಯ ಮೇಲೆ ಸುಳ್ಳು ಆಣೆ ಮಾಡಿದ್ದಾನೆ. ಬೈಯಲಿಲ್ಲ, ಹೊಡೆಯಲಿಲ್ಲ. ಲಗಮಣ್ಣ ಬಂದು ಕಂಬಳಿಯನ್ನು ಮಡಿಚಿ ಎತ್ತಿಕೊಂಡು ತನ್ನ ಮನೆಗೆ ಒಯ್ದ. ಅಂದಿನಿಂದ ಯಾರೂ ಆ ಮನೆಯಲ್ಲಿ ನೀರು ಕೇಳಲಿಲ್ಲ. ಬಾಳೇಶಣ್ಣ ನಂದಗಡದ ಕಡೆಯವರ ಕುರಿ ಕಾಯಲು ಹೋದ.

ಒಂದು ವರ್ಷ ಎರಡು ತಿಂಗಳು ಕಳೆದ ಮೇಲೆ ಮ್ಯೂಸಿಯಮ್ಮಿಗೆ ಒಬ್ಬ ಅಜ್ಜಿ ಬಂದಳು. ಪಾರಿಶ್ವಾಡದ ಗೌರವ್ವ. ಕರಡಿಗೆ ಕೊಟ್ಟವಳು. ಟ್ರಂಕು ಖಾಲಿ ಮಾಡುವಾಗ ಒಂದು ಹಳೆ ರಸೀದಿ ಸಿಕ್ಕಿತು, ನಿಮ್ಮಲ್ಲೇ ಇರಲಿ ಎಂದು ನನ್ನ ಕೈಗಿಟ್ಟಳು. ಮರಾಠಿಯಲ್ಲಿತ್ತು. ಬೆಳ್ಳಿಯ ಡಬ್ಬಿ, ನಂಬರು ಅರವತ್ತೊಂದು, ನೋಡುಗರಿಗೆ ತೋರಿಸಿ ವಾಪಸು ಕೊಡುವ ಕರಾರಿನ ಮೇಲೆ ತಂದದ್ದು. ತಿರುಗಿಸಿದೆ. ಹಿಂದೆ ಮ್ಯೂಸಿಯಂ ಕಟ್ಟಿದ ಹಿರಿಯರ ಅಕ್ಷರ: ಗೌರವ್ವನವರು ಇದನ್ನು ಕಾಯಂ ಕೊಟ್ಟಿದ್ದಾರೆ, ಹೊಸ ನಂಬರು ಇನ್ನೂರ ಮೂವತ್ಮೂರು.

"ನಿಮ್ಮ ಮನ್ಯಾಗ ಇಂಥಾವು ಎರಡ ಇದ್ದೂವೇನಜ್ಜಿ?" ಎಂದು ಕೇಳಿದೆ. ಉತ್ತರ ಗೊತ್ತಿತ್ತು.

"ಎಲ್ಲೀ ಎರಡು ತಂಗಿ. ನಮ್ಮ ಮಾವನೋರದು ಒಂದ" ಅಂದಳು.

ಹಳೆಯ ನಂಬರನ್ನು ಹೊಡೆದುಹಾಕಲು ಆ ಹಿರಿಯರು ಮರೆತಿದ್ದರು, ಅಷ್ಟೇ. ಅವರು ಸತ್ತು ಹತ್ತು ವರ್ಷವಾಗಿತ್ತು. ನಾನು ಗುರುಪುತ್ರಪ್ಪನವರ ಮನೆಗೆ ಓಡಿದೆ. ಅವರು ರಸೀದಿಯನ್ನು ನಾಲ್ಕು ಸಲ ತಿರುಗಿಸಿ ನೋಡಿ, ಮುಖ ಸಣ್ಣ ಮಾಡಿಕೊಂಡು, 'ಕಣ್ತಪ್ಪಿನಿಂದಾದ ದೋಷ, ಬಾಳೇಶ ನಿರ್ದೋಷಿ' ಎಂದು ಬರೆದ ಪತ್ರಕ್ಕೆ ಸಹಿ ಹಾಕಿದರು. ಕ್ಷಮಿಸು ಎಂಬ ಶಬ್ದ ಸೇರಿಸಿರಿ ಅಂದೆ. ಅದೆಲ್ಲ ಬ್ಯಾಡ ಅಂದರು.

ಪತ್ರ ತಗೊಂಡು ಗುಂಜಿಗೆ ಹೋದೆ. ಬಾಳೇಶಣ್ಣ ಕುರಿ ಕಾಯುವುದು ಬಿಟ್ಟು ಮನೆಗೆ ಬಂದಿದ್ದ, ಸೊರಗಿ ಹೋಗಿದ್ದ, ಕೆಮ್ಮು ಹತ್ತಿತ್ತು. ನಾನು ಅವನ ಕಾಲು ಮುಟ್ಟಲು ಬಾಗಿದರೆ ಹಿಂದೆ ಸರಿದ. "ಆ ಹೆಸರು ಟೈಪ್ ಮಾಡಿದಾಕಿ ನಾನ ಅಣ್ಣಾ" ಅಂದೆ.

"ಗೊತ್ತೈತ್ರೀ ಬಾಯಾರ. ಅಲ್ಲಿ ಬ್ಯಾರೆ ಯಾರಿಗೆ ಟೈಪ್ ಮಾಡಾಕ ಬರತಿತ್ತು" ಅಂದ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಲಗಮಣ್ಣನ ಮನೆಗೆ ಕೂಡಿಯೇ ಹೋದೆವು. ಲಗಮಣ್ಣ ಕೆಟ್ಟವನಲ್ಲ. ಪತ್ರವನ್ನು ಅಳಿಯನಿಂದ ಓದಿಸಿ ಕೇಳಿದ. "ಇದನ್ನ ನೀವು ನಾಕ ಮಂದಿ ಕುಂತು ಬರದೀರಿ. ಅದು ಜಗತ್ತಿಗೆಲ್ಲಾ ಕಾಣೂದು. ಅದರಾಗಿಂದ ಇಂವನ ಹೆಸರು ತಗೀರಿ, ತಗದ ಹಾಳಿ ತಂದ ತೋರಸ್ರಿ. ಅವತ್ತ ಕಂಬಳಿ ಇಂವನ ಮನಿಗೆ ನಾನ ಹೊತಗೊಂಡ ಬರತೇನಿ" ಅಂದ.

"ಎಷ್ಟ ದಿನ ಬೇಕ್ರೀ ಬಾಯಾರ?" ಬಾಳೇಶಣ್ಣ ಕೇಳಿದ.

"ಒಂದ ವಾರ ಅಣ್ಣಾ" ಅಂದೆ. ದೊಡ್ಡ ಬಾಯಿ ಮಾಡಿ ಅಂದೆ.

ಬೆಳಗಾವಿಗೆ ಬಂದು ಪುಣೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಫ್ಲಾಪಿ ಕಳಿಸಿದೆ, ವಾಪಸು ಬಂತು. ರಜಿಸ್ಟರ್ ಪತ್ರ ಹಾಕಿದೆ, ಅದೂ ಬಂತು. ರಜೆ ಹಾಕಿ ನಾನೇ ಹೋದೆ. ಆಫೀಸಿಗೆ ಬೀಗ, ಬಾಗಿಲಿಗೆ ಬಾಡಿಗೆಗಿದೆ ಎಂಬ ಬೋರ್ಡು. ಆ ವರ್ಷ ಅಂಥ ಕಂಪನಿಗಳು ಎಷ್ಟೋ ಮುಳುಗಿದ್ದವು. ಪಾಸ್‌ವರ್ಡು ಅವರ ಕೈಯಲ್ಲಿತ್ತು, ಅವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಶಹಾಪುರದ ಸೈಬರ್ ಕೆಫೆಯವನನ್ನು ಕೇಳಿದೆ. ಇಂಟರ್‌ನೆಟ್ಟಿನಲ್ಲಿ ಜಾಗಕ್ಕೆ ವರ್ಷಗಟ್ಟಲೆ ಬಾಡಿಗೆ ಮೊದಲೇ ಕಟ್ಟಿರುತ್ತಾರೆ, ಅವಧಿ ಮುಗಿಯುವ ತನಕ ಪುಟ ತಾನೇ ಇರುತ್ತದೆ, ಯಾರೂ ಕೈ ಹಚ್ಚಲಾರರು ಅಂದ. ಕಂಪನಿ ಸತ್ತಿತ್ತು, ಪುಟ ಮಾತ್ರ ಗಟ್ಟಿಯಾಗಿತ್ತು.

ಪ್ರತಿ ಸೋಮವಾರ ಹೋಗಿ ನೋಡುತ್ತಿದ್ದೆ. ಪ್ರತಿ ಸೋಮವಾರ ಅವನ ಹೆಸರು ಅಲ್ಲೇ. ಮೊದಮೊದಲು ಬಾಳೇಶಣ್ಣ ಗುಂಜಿಯ ಬೂತಿನಿಂದ ಮ್ಯೂಸಿಯಮ್ಮಿಗೆ ಫೋನು ಮಾಡುತ್ತಿದ್ದ. "ಹೋತೇನ್ರೀ ಬಾಯಾರ?" ಇಲ್ಲಣ್ಣಾ. "ಆತು ಬಿಡ್ರಿ." ಅಷ್ಟೇ ಮಾತು. ಕೊನೆಕೊನೆಗೆ ಫೋನೂ ನಿಂತಿತು. ನಾನು ಒಮ್ಮೆಯಾದರೂ ಹೋಗಿ ನೋಡಿಕೊಂಡು ಬರಬೇಕಿತ್ತು. ಬರಿಗೈಯಲ್ಲಿ ಯಾವ ಮುಖ ಹೊತ್ತು ಹೋಗಲಿ ಎಂದು ಹೋಗಲಿಲ್ಲ. ಹೇಡಿತನಕ್ಕೆ ನಾವು ಇಡುವ ಹೆಸರುಗಳು ಚಂದ ಇರುತ್ತವೆ.

ಎರಡು ಸಾವಿರದ ಮೂರರ ಜೂನಿನಲ್ಲಿ ಒಂದು ಸೋಮವಾರ ಪುಟ ಬರಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಬಿಳಿ ಪರದೆ, ಮೇಲೆ ಒಂದೇ ಸಾಲು, ಈ ಪುಟ ಸಿಗುವುದಿಲ್ಲ. ನನಗೆ ಅಲ್ಲೇ ಅಳು ಬಂತು. ಕೆಫೆಯವನು ಗಾಬರಿಯಾಗಿ ನೀರು ಕೊಟ್ಟ. ಆ ಖಾಲಿ ಪುಟದ್ದೇ ಪ್ರಿಂಟು ತೆಗೆಸಿದೆ. ಮುಂದಿನ ರೈಲಿಗೇ ಗುಂಜಿಗೆ ಹೊರಟೆ.

ಸತ್ಯವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಹಣೆ ಖಾಲಿ ಇತ್ತು. ಕೇಳುವುದೇನೂ ಉಳಿಯಲಿಲ್ಲ.

"ಜಾತ್ರಿ ಮುಂದ ಹೋದಾ. ನಾಕ ತಿಂಗಳಾತು" ಅಂದಳು. "ನಮ್ಮ ಮನಿತನದ ಹಿರ್ಯಾರನ್ನ ಆ ಕಂಬಳಿ ಹೊದಿಸೇ ಮಣ್ಣಿಗೆ ಒಯ್ಯೂದು. ಲಗಮಣ್ಣ ಕೊಡಲಿಲ್ಲ. ಖಾನಾಪುರ ಬಾಜಾರಕ್ಕ ಮಂದಿ ಕಳಿಸಿ ಒಂದ ಚಾದರ ತರಿಸಿದ್ನಿ. ಹೂವಿನ ಚಿತ್ರದ ಚಾದರ. ಅಂವಗ ಅಂಥಾವು ಸೇರತಿದ್ದಿಲ್ಲ."

ನಾನು ಪ್ರಿಂಟು ತೆಗೆದು ಅವಳ ಮುಂದೆ ಹಿಡಿದೆ. ಮತ್ತೇನು ಮಾಡಬೇಕೋ ತಿಳಿಯಲಿಲ್ಲ. "ಹೋತು ವೈನಿ. ಅಣ್ಣನ ಹೆಸರು ಹೋತು. ನೋಡ್ರಿ, ಖಾಲಿ ಐತಿ."

ಅವಳು ಕೈ ಸೀರೆಗೆ ಒರೆಸಿಕೊಂಡು ಹಾಳೆ ಇಸಿದುಕೊಂಡಳು. ಓದಲು ಬಾರದಿದ್ದರೂ ಮೇಲಿಂದ ಕೆಳಗೆ ಪೂರ್ತಿ ನೋಡಿದಳು.

"ಕಲ್ಲಿನ ಹಾಳ್ಯಾಗ ಐತೆಲ್ಲ ಮತ್ತ? ಇಂಗ್ಲೆಂಡದಾಗ ಕಾಣೂದು. ಕಡೀತನಕ ಅದನ್ನ ಹೇಳತಿದ್ದಾ."

ಹೂಂ ಅನ್ನಬಹುದಿತ್ತು. ಒಮ್ಮೆ ಸುಳ್ಳು ಹೊಡೆದಿದ್ದೆ, ಇನ್ನೊಮ್ಮೆ ನಾಲಿಗೆ ಏಳಲಿಲ್ಲ.

"ಅದೂ ಹೋತು ವೈನಿ. ಎಲ್ಲಾ ಒಮ್ಮೆಲೇ ಹೋತು."

ಸತ್ಯವ್ವ ಹಾಳೆಯನ್ನು ಮಡಿಚಿದಳು. "ಹಂಗಾರ ಅಂವಾ ಈಗ ಎಲ್ಲೂ ಇಲ್ಲಂದಂಗಾತು" ಅಂದಳು. ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಕುರಿಗಳಿಗೆ ನೀರಿಡಲು ಎದ್ದಳು.